ಒಟ್ಟು 206 ಅಂಕ ಬಂದರೆ ಎಸ್‌ಎಸ್‌ಎಲ್‌ಸಿ ತೇರ್ಗಡೆಯಾದಂತೆಯೇ?

ಪ್ರಶ್ನೆ: ಸೋದರತ್ತೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾನೆ. ಅಣ್ಣ, ಅತ್ತಿಗೆ ಇಬ್ಬರೂ ಕಾಫಿ ತೋಟದಲ್ಲಿ ಕೆಲಸಕ್ಕಿರುವವರಾದ್ದರಿಂದ ಶಾಲೆಯಿಂದ ಬರುವ ಕಾಗದಪತ್ರಗಳನ್ನು ಓದಿ ಹೇಳುವ ಹೊಣೆ ಮೊದಲಿನಿಂದಲೂ ನನ್ನದೇ. ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ಇಪ್ಪತ್ತೈದು ವರ್ಷಗಳ ಮೇಲಾಯಿತು. ‘ಮೂವತ್ತೈದು ಬಂದರೆ ಪಾಸು’ ಎಂಬ ಮಾತೊಂದನ್ನು ಬಿಟ್ಟರೆ ಆ ಕಾಲದ ನಿಯಮಗಳು ನನಗೂ ಸರಿಯಾಗಿ ನೆನಪಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ನಂತರ ಶಾಲೆಯವರು ಆಂತರಿಕ ಅಂಕಗಳನ್ನೂ ಸೇರಿಸಿ ಲೆಕ್ಕಮಾಡಿ ಕೊಟ್ಟಿರುವ ಪಟ್ಟಿಯಲ್ಲಿ ಹುಡುಗನ ಅಂಕಗಳು ಹೀಗಿವೆ: ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 68, ಇಂಗ್ಲಿಷ್ 41, ಹಿಂದಿ 52, ಗಣಿತ 24, ವಿಜ್ಞಾನ 33, ಸಮಾಜ ವಿಜ್ಞಾನ 45. ಎಲ್ಲವೂ ಸೇರಿದರೆ 263 ಆಗುತ್ತದೆ. ಈ ವರ್ಷದಿಂದ 206 ಬಂದರೆ ಸಾಕೆಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿರುವ ಅಣ್ಣ, ಐವತ್ತೇಳು ಅಂಕ ಹೆಚ್ಚೇ ಇದೆಯಲ್ಲ, ಇನ್ನೇಕೆ ಮನೆಪಾಠದ ಖರ್ಚು ಎಂದು ನಿಶ್ಚಿಂತನಾಗಿದ್ದಾನೆ. ಗಣಿತದ 24ರಲ್ಲಿ ಆಂತರಿಕ ಅಂಕವೇ 15 ಇದ್ದು, ಬರೆದು ಗಳಿಸಿದ್ದು ಕೇವಲ 9 ಎಂಬುದನ್ನು ನೋಡಿದ ಮೇಲೆ ನನಗೆ ಮಾತ್ರ ನೆಮ್ಮದಿಯಿಲ್ಲ.

ಇದರ ಜೊತೆಗೆ ಇನ್ನೆರಡು ಸಂಗತಿಗಳನ್ನು ಕೇಳಬೇಕಾಗಿದೆ. ಜ್ವರ ಬಂದು ಹತ್ತು ದಿನ ಹಾಗೂ ಕಾಫಿ ಕುಯ್ಲಿನ ಸಮಯದಲ್ಲಿ ಕೆಲವು ದಿನ ಹುಡುಗ ಶಾಲೆಗೆ ಹೋಗಿಲ್ಲ. ಮಳೆಗಾಲದಲ್ಲಿ ಜಿಲ್ಲಾಡಳಿತ ಕೊಟ್ಟ ರಜೆಗಳೂ ಸೇರಿ ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರಿಸದೆ ಇರಬಹುದೆ? ಎರಡನೆಯದಾಗಿ, ನಮ್ಮ ಬಂಧುಗಳೊಬ್ಬರು ‘ಮೊದಲನೇ ಪರೀಕ್ಷೆ ಬಿಟ್ಟುಬಿಡಲಿ, ಚೆನ್ನಾಗಿ ತಯಾರಿ ಮಾಡಿಕೊಂಡು ಎರಡನೆಯದನ್ನು ಬರೆಯಲಿ’ ಎಂದು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಲು ಬರುತ್ತದೆಯೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ, ಅರಸೀಕೆರೆ

ನಿಮ್ಮ ಅಣ್ಣನವರು ಹೇಳಿರುವುದು ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ಅವರಿಗೆ ಯಾರೂ ಹೇಳಿಲ್ಲ. ನನ್ನ ಸೇವಾವಧಿಯಲ್ಲಿ ಫಲಿತಾಂಶದ ದಿನ ಅಂಕಪಟ್ಟಿ ಹಿಡಿದುಕೊಂಡು ‘ಒಟ್ಟು ಇಷ್ಟು ಬಂದಿದ್ದರೂ ಫೇಲ್ ಎಂದು ತೋರಿಸುತ್ತಿದೆ, ಯಂತ್ರ ತಪ್ಪಿರಬೇಕು’ ಎಂದು ಬಂದ ಪೋಷಕರನ್ನು ಪ್ರತಿವರ್ಷವೂ ಕಂಡಿದ್ದೇನೆ. ಒಮ್ಮೆಯೂ ಯಂತ್ರ ತಪ್ಪಿದ್ದಿಲ್ಲ.

ಎಸ್‌ಎಸ್‌ಎಲ್‌ಸಿಗೆ ಆರು ವಿಷಯಗಳು. ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಉಳಿದ ಐದು ವಿಷಯಗಳಿಗೆ ತಲಾ 100, ಅವುಗಳಲ್ಲಿ 80 ಲಿಖಿತ, 20 ಆಂತರಿಕ. ಹೀಗೆ ಒಟ್ಟು 625. ಈ ಹಿಂದೆ ಒಟ್ಟಾರೆ ಶೇ. 35 ಅಂದರೆ 219 ಅಂಕಗಳು ಬೇಕಿದ್ದವು. 2025ರ ಅಕ್ಟೋಬರಿನಲ್ಲಿ ಸರ್ಕಾರವು ಇದನ್ನು ಶೇ. 33ಕ್ಕೆ ಇಳಿಸಿದ್ದು, 2025-26ನೇ ಸಾಲಿನಿಂದ 206 ಅಂಕಗಳು ಸಾಕು. ನಿಮ್ಮ ಅಣ್ಣನವರ ಕಿವಿಗೆ ಬಿದ್ದಿರುವುದು ಇದೇ. ಆದರೆ ಅದೇ ನಿಯಮದಲ್ಲಿ ಪ್ರತಿಯೊಂದು ವಿಷಯದಲ್ಲೂ ಕನಿಷ್ಠ ಶೇ. 30 ಬರಬೇಕೆಂಬ ಇನ್ನೊಂದು ಷರತ್ತೂ ಇದೆ. ಮನೆಗೆ ಎರಡು ಬಾಗಿಲಿದ್ದು ಎರಡಕ್ಕೂ ಬೀಗ ಹಾಕಿರುವಂತೆ ಭಾವಿಸಿ. ಒಂದರ ಕೀಲಿಕೈಯಿಂದ ಇನ್ನೊಂದು ತೆರೆಯುವುದಿಲ್ಲ.

ಈ ಎರಡು ಷರತ್ತುಗಳು ಒಂದರೊಡನೊಂದು ಹೇಗೆ ಹೊಂದಿಕೊಂಡಿವೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಬ್ಬ ವಿದ್ಯಾರ್ಥಿ ಎಲ್ಲ ವಿಷಯಗಳಲ್ಲೂ ಅಂಚಿನಲ್ಲೇ, ಅಂದರೆ ಪ್ರಥಮ ಭಾಷೆಯಲ್ಲಿ 38 ಹಾಗೂ ಉಳಿದ ಐದರಲ್ಲಿ ತಲಾ 30 ಪಡೆದನೆಂದುಕೊಳ್ಳಿ. ಯಾವ ವಿಷಯದಲ್ಲೂ ಅವನು ಸೋತಿಲ್ಲ, ಆದರೆ ಒಟ್ಟು 188 ಮಾತ್ರ ಆಗುತ್ತದೆ. 206ಕ್ಕೆ ಇನ್ನೂ 18 ಬೇಕು. ಹಾಗಾಗಿ ಒಂದೋ ಎರಡೋ ವಿಷಯಗಳಲ್ಲಿ ಅಂಚಿನಲ್ಲಿರುವವನು ಉಳಿದ ವಿಷಯಗಳಲ್ಲಿ ಆ ಕೊರತೆಯನ್ನು ತುಂಬಿಕೊಡಲೇಬೇಕು. ನಿಮ್ಮ ಹುಡುಗನದು ಇದಕ್ಕೆ ವಿರುದ್ಧವಾದ ಸ್ಥಿತಿ. ಒಟ್ಟು ಅಂಕಗಳಲ್ಲಿ 57ರಷ್ಟು ಮುಂದಿದ್ದಾನೆ, ಗಣಿತದಲ್ಲಿ 6 ಅಂಕ ಹಿಂದಿದ್ದಾನೆ. ಕನ್ನಡದಲ್ಲಿ 68ರ ಬದಲು 108 ತೆಗೆದರೂ ಆ 6 ತುಂಬುವುದಿಲ್ಲ. ಇಂದಿನ ಅಂಕಗಳೇ ಅಂತಿಮವಾದರೆ ಅವನು ಅನುತ್ತೀರ್ಣ. ವಿಜ್ಞಾನದ 33 ಕೂಡ ನೆಮ್ಮದಿಯಿಂದ ಕೂರುವ ಅಂಕವಲ್ಲ.

ಆಂತರಿಕ ಅಂಕದ ಬಗ್ಗೆ ನಿಮಗಿರುವ ಅನುಮಾನ ಸರಿಯಾಗಿದೆ. ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆ ಹಾಗೂ ಕಿರುಪರೀಕ್ಷೆಗಳ ಅಂಕಗಳನ್ನು ಒಟ್ಟುಗೂಡಿಸಿ 20ಕ್ಕೆ ಇಳಿಸಿ ಕೊಡುವುದು ಪದ್ಧತಿ. ಯೋಜನೆ, ಮಾದರಿ, ನೋಟ್‌ಪುಸ್ತಕ ಎಂದು ಶಿಕ್ಷಕರು ಮಕ್ಕಳ ಕೈ ಹಿಡಿಯುವ ಜಾಗ ಅದು, ಹಿಡಿಯಲಿ, ತಪ್ಪೇನಿಲ್ಲ. ಆದರೆ 80ಕ್ಕೆ 9 ಬರೆದಿರುವ ಹುಡುಗ ಇನ್ನು 6 ತೆಗೆದರೆ ಸಾಕೆಂದು ಕುಳಿತರೆ ಅದು ಪ್ರಶ್ನೆಪತ್ರಿಕೆ ತುಸು ಬಿಗಿಯಾದ ಕೂಡಲೇ ಕುಸಿಯುವ ಲೆಕ್ಕ. ಆಂತರಿಕ ಅಂಕ ಇಲ್ಲವೆಂದೇ ಭಾವಿಸಿ, ಲಿಖಿತ ಪತ್ರಿಕೆಯಲ್ಲಿ 80ಕ್ಕೆ 28 ಎಂಬ ಹಳೆಯ ಗುರಿಯನ್ನೇ ಇಟ್ಟುಕೊಳ್ಳಲಿ ಎಂಬುದು ನನ್ನ ಸಲಹೆ.

ಇನ್ನು ಕೃಪಾಂಕದ ಮಾತು. ನೀವು ಕೇಳಿಲ್ಲವಾದರೂ ತೋಟದ ಲೈನ್ ಮನೆಗಳಲ್ಲಿ ‘ಕೊನೆಗೆ ಸರ್ಕಾರವೇ ಕೊಡುತ್ತದೆ ಬಿಡಿ’ ಎಂಬ ಮಾತು ಹರಡಿರುವುದನ್ನು ಬಲ್ಲೆ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ಫಲಿತಾಂಶ ಬಹಳ ಕುಸಿದು, ಹೆಚ್ಚಿನ ಕೃಪಾಂಕ ನೀಡಿದ ನಂತರ ಶೇ. 73.40 ತೇರ್ಗಡೆಯಾಯಿತು. ಆ ಸೌಲಭ್ಯ ಮುಂದುವರಿಯದ 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಶೇ. 62.34ಕ್ಕೆ ಇಳಿಯಿತು. ಒಂದು ವರ್ಷ ಕೊಟ್ಟದ್ದನ್ನು ಹಕ್ಕೆಂದು ನಂಬಿಕೊಂಡು ಕುಳಿತವರಿಗೆ ಮರುವರ್ಷ ಏನಾಯಿತೆಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ. 2019ರಲ್ಲಿ ಶೇ. 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ನಮ್ಮ ಹಾಸನ. ಅಂದು ಜಿಲ್ಲೆಯ ಶಾಲೆಗಳಲ್ಲಿ ಬೆಳಗ್ಗೆ, ಸಂಜೆ ವಿಶೇಷ ತರಗತಿ ನಡೆಸಿದವರಲ್ಲಿ ನಾನೂ ಒಬ್ಬ ಎಂಬ ಸಣ್ಣ ಹೆಮ್ಮೆಯನ್ನು ಇಲ್ಲಿ ಹೇಳಿಕೊಳ್ಳಲು ಅನುಮತಿಯಿರಲಿ.

ಹಾಜರಾತಿಗೆ ಸಂಬಂಧಿಸಿದಂತೆ ಶೇ. 75 ಇರಬೇಕೆಂಬುದು ನಿಯಮ. ಅದನ್ನು ಲೆಕ್ಕಹಾಕುವುದು ಶಾಲೆ ನಡೆದ ದಿನಗಳ ಮೇಲೆ. ಮಳೆಯ ಕಾರಣಕ್ಕೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನ ಶಾಲೆಯೇ ನಡೆದಿಲ್ಲವಾದ್ದರಿಂದ ಅದು ಮಗುವಿನ ಗೈರುಹಾಜರಿಯಲ್ಲ. ಆದರೆ ಆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ನಡೆಸಿದಾಗ ಹೋಗದಿದ್ದರೆ ಅದು ಗೈರುಹಾಜರಿಯೇ, ಮತ್ತು ನಮ್ಮ ಮಲೆನಾಡಿನ ಮಕ್ಕಳು ಎಡವುವುದು ಇಲ್ಲೇ. ಶಾಲೆ 200 ದಿನ ನಡೆದಿದ್ದರೆ 150 ದಿನ ಹೋಗಿರಬೇಕು ಎಂಬ ಅಂದಾಜಿನಲ್ಲಿ ನೋಡಿದರೆ ನೀವು ಹೇಳಿದಷ್ಟು ಗೈರುಹಾಜರಿಯಿಂದ ಆತಂಕವಿಲ್ಲ. ಜ್ವರದ ಹತ್ತು ದಿನಗಳಿಗೆ ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನು ಈಗಲೇ ಮುಖ್ಯಶಿಕ್ಷಕರ ಕೈಗೆ ಕೊಟ್ಟಿರಿ. ಮಾರ್ಚಿನಲ್ಲಿ ಹುಡುಕಿದರೆ ಆಸ್ಪತ್ರೆಯ ಚೀಟಿ ಸಿಗುವುದಿಲ್ಲ.

ಪರೀಕ್ಷೆ-1 ಬಿಡುವ ಸಲಹೆಯನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. 2023-24ನೇ ಸಾಲಿನಿಂದ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, 2, 3 ಎಂಬ ವ್ಯವಸ್ಥೆ ಬಂದಿದೆ. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದೇ ಉಳಿಯುತ್ತದೆ. ಹಾಗಿರುವಾಗ ಮೊದಲನೆಯದನ್ನು ಬರೆಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಬಿಟ್ಟರೆ ಒಂದು ಅವಕಾಶ ಸುಮ್ಮನೆ ಹೋಯಿತು. ಪರೀಕ್ಷೆ-1ಕ್ಕೆ ನೋಂದಣಿಯಾಗಿರುವುದಂತೂ ಕಡ್ಡಾಯ. 2025-26ನೇ ಸಾಲಿನ ಪರೀಕ್ಷೆ-1ರ ಆರಂಭಕ್ಕೆ ನಿಗದಿಯಾದ ದಿನ 2026ರ ಮಾರ್ಚ್ 18.

ಉತ್ತರ 2: ಗಣಿತ ಶಿಕ್ಷಕಿ, ಮೂಡಿಗೆರೆ

ಹಿರಿಯರು ಹೇಳಿದ 28 ಅಂಕಗಳ ಗುರಿ 9 ತೆಗೆದ ಮಗುವಿಗೆ ಬೆಟ್ಟದಂತೆ ಕಾಣಬಹುದು. ಆದ್ದರಿಂದ ಗಣಿತ ಪತ್ರಿಕೆಯ ಒಳಗಡೆ ಆ 28 ಎಲ್ಲಿ ಅಡಗಿದೆ ಎಂಬುದನ್ನು ತೋರಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ ಒಟ್ಟು 38 ಪ್ರಶ್ನೆಗಳಿರುತ್ತವೆ. ಒಂದು ಅಂಕದ ಪ್ರಶ್ನೆಗಳೇ 16, ಅವುಗಳಲ್ಲಿ 8 ಬಹು ಆಯ್ಕೆಯವು. ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದು. ಹಿಂದುಳಿದ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದೊಡ್ಡ ಪ್ರಶ್ನೆಗೆ ಹೆದರಿ ಇಡೀ ಪತ್ರಿಕೆಯನ್ನೇ ಕೈಬಿಡುವುದು. ಒಂದು ಅಂಕದ ಹದಿನಾರರಲ್ಲಿ ಹತ್ತು, ಎರಡು ಅಂಕದವುಗಳಲ್ಲಿ ನಾಲ್ಕು, ಮೂರು ಅಂಕದವುಗಳಲ್ಲಿ ಎರಡು ಹಾಗೂ ಗ್ರಾಫ್ ಎಳೆಯುವ ನಾಲ್ಕು ಅಂಕದ ಒಂದು ಪ್ರಶ್ನೆ ಸರಿಯಾದರೆ 10, 8, 6, 4 ಸೇರಿ ನಿಖರವಾಗಿ 28 ಆಗುತ್ತದೆ. ಐದು ಅಂಕದ ಪ್ರಶ್ನೆಯತ್ತ ಕಣ್ಣೆತ್ತಿ ನೋಡುವ ಅಗತ್ಯವೂ ಇಲ್ಲ.

ಯಾವುದರಿಂದ ಆರಂಭಿಸಬೇಕು ಎಂದರೆ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಗ್ರಾಫ್ ಮೂಲಕ ಬಿಡಿಸುವುದರಿಂದ ಎಂದು ನಾನು ಹೇಳುತ್ತೇನೆ. ಅದಕ್ಕೆ ಬೇಕಾದದ್ದು ಕೂಡುವುದು, ಕಳೆಯುವುದು, ಅಳತೆಪಟ್ಟಿಯಿಂದ ನೇರವಾಗಿ ಗೆರೆ ಎಳೆಯುವುದು ಇಷ್ಟೇ. ಹದಿನೈದು ದಿನ ದಿನಕ್ಕೊಂದರಂತೆ ಮಾಡಿದರೆ ಕೈ ಕೂರುತ್ತದೆ. ಮುಂದೆ ಸಮಾಂತರ ಶ್ರೇಢಿಯಲ್ಲಿ ಎನ್‌ನೇ ಪದ ಕಂಡುಹಿಡಿಯುವುದು, ಎರಡು ಬಿಂದುಗಳ ನಡುವಿನ ದೂರ, ಸಂಭವನೀಯತೆ, ಸಂಖ್ಯಾಶಾಸ್ತ್ರದಲ್ಲಿ ಕೋಷ್ಟಕ ಕೊಟ್ಟು ಕೇಳುವ ಸರಾಸರಿ, ಮಧ್ಯಾಂಕ, ಬಹುಲಕ. ಇವೆಲ್ಲವೂ ಸೂತ್ರ ಬರೆದು ಬೆಲೆ ಹಾಕುವ ಲೆಕ್ಕಗಳು. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಮೌಲ್ಯಮಾಪನದಲ್ಲಿ ಹಂತಹಂತಕ್ಕೂ ಅಂಕವಿರುತ್ತದೆ; ಸೂತ್ರ ಸರಿಯಾಗಿ ಬರೆದು ಕೊನೆಯ ಗುಣಾಕಾರದಲ್ಲಿ ತಪ್ಪಿದವನಿಗೂ ಏನಾದರೂ ಸಿಗುತ್ತದೆ, ಖಾಲಿ ಜಾಗ ಬಿಟ್ಟವನಿಗೆ ಏನೂ ಸಿಗುವುದಿಲ್ಲ. ನಾನು ತಿದ್ದುವ ಕಿರುಪರೀಕ್ಷೆಗಳಲ್ಲಿ ಸೋಲುವ ಮಕ್ಕಳ ಪತ್ರಿಕೆಗಳು ತಪ್ಪುಗಳಿಗಿಂತ ಹೆಚ್ಚಾಗಿ ಖಾಲಿತನದಿಂದಲೇ ತುಂಬಿರುತ್ತವೆ.

ಮನೆಪಾಠ ಬೇಕೇ ಬೇಕೆಂದು ನಾನು ಹೇಳಲಾರೆ. ಶಾಲೆಯಲ್ಲಿ ನಡೆಯುವ ವಿಶೇಷ ತರಗತಿಗೆ ತಪ್ಪದೆ ಹೋದರೆ, ಹಿಂದಿನ ಮೂರು ವರ್ಷಗಳ ಪತ್ರಿಕೆಗಳ ಒಂದು ಅಂಕದ ಪ್ರಶ್ನೆಗಳನ್ನಷ್ಟೇ ಒಂದು ಪುಸ್ತಕದಲ್ಲಿ ಬರೆದುಕೊಂಡು ಬಿಡಿಸಿದರೆ, ನನ್ನ ಅನುಭವದಲ್ಲಿ ಇಂಥ ಮಕ್ಕಳು ಎರಡೂವರೆ ತಿಂಗಳಲ್ಲಿ ದಡ ಸೇರಿದ್ದಾರೆ.

ಉತ್ತರ 3: ಒಬ್ಬ ತಾಯಿ, ಚಿಕ್ಕಮಗಳೂರು

ನನ್ನ ಮಗಳು ಕಳೆದ ವರ್ಷ ಇದೇ ಬಾಗಿಲಲ್ಲಿ ನಿಂತವಳು. ಒಟ್ಟು ಅಂಕಗಳು 300 ದಾಟಿದ್ದವು, ವಿಜ್ಞಾನ ಒಂದರಲ್ಲಿ ಹೋಯಿತು. ಅಕ್ಕಪಕ್ಕದವರಿಗೆ ಇದನ್ನು ಅರ್ಥಮಾಡಿಸುವುದೇ ದೊಡ್ಡ ಕಷ್ಟವಾಯಿತು. ಅವಳಿಗಿಂತ ನಲವತ್ತು ಅಂಕ ಕಡಿಮೆ ಬಂದ ಗೆಳತಿ ಪಾಸಾಗಿದ್ದಳು.

ಫಲಿತಾಂಶ ಬಂದ ದಿನ ನಾವು ಮರುಮೌಲ್ಯಮಾಪನಕ್ಕೆ ನೇರವಾಗಿ ಅರ್ಜಿ ಹಾಕಬಹುದೆಂದುಕೊಂಡಿದ್ದೆವು. ಹಾಗಲ್ಲ, ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಮಾಡಿದ ಪ್ರತಿಯನ್ನು ಶುಲ್ಕ ಕಟ್ಟಿ ಪಡೆಯಬೇಕು, ಅದನ್ನು ನೋಡಿದ ಮೇಲೆ ಮಾತ್ರ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕಲು ಅವಕಾಶ. ಇದಕ್ಕೆಲ್ಲ ಕೊನೆಯ ದಿನಾಂಕ ಬಹಳ ಬೇಗ ಬರುತ್ತದೆ. ನಾವು ಪ್ರತಿ ತರಿಸಿ ಶಾಲೆಯ ವಿಜ್ಞಾನ ಶಿಕ್ಷಕರಿಗೆ ತೋರಿಸಿದಾಗ ಅಂಕ ಹೆಚ್ಚಾಗುವ ಸಂಭವವಿಲ್ಲವೆಂದು ಅವರು ನೇರವಾಗಿಯೇ ಹೇಳಿದರು. ಆ ಮಾತಿನಿಂದ ನಮಗೆ ಉಪಕಾರವೇ ಆಯಿತು, ಏಕೆಂದರೆ ಅಂದಿನಿಂದಲೇ ಪರೀಕ್ಷೆ-2ರ ಓದು ಶುರುವಾಯಿತು. ಬರೆಯಬೇಕಾದದ್ದು ಸೋತ ವಿಷಯವನ್ನು ಮಾತ್ರ. ಉಳಿದ ಐದು ವಿಷಯಗಳ ಅಂಕಗಳು ಹಾಗೆಯೇ ಉಳಿದವು. ಆಂತರಿಕ ಅಂಕವೂ ವರ್ಷದಲ್ಲಿ ಗಳಿಸಿದ್ದೇ ಮುಂದುವರಿಯಿತು, ಹೊಸದಾಗಿ ಯಾರೂ ಕೊಡಲಿಲ್ಲ. ಪರೀಕ್ಷೆ-2ರಲ್ಲಿ ತೇರ್ಗಡೆಯಾಗಿ ಅದೇ ವರ್ಷ ಪಿಯುಸಿಗೆ ಸೇರಿದಳು. ತರಗತಿಗಳು ಆಗಲೇ ಆರಂಭವಾಗಿದ್ದವು, ಬೇಕೆಂದ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಪರೀಕ್ಷೆ-2 ಇದೆ ಎಂಬ ಧೈರ್ಯ ಇರಲಿ, ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ಉತ್ತರ 4: ಕಡೂರಿನವನು

ವಿಷಯಕ್ಕೆ ಹತ್ತಿರವಾದ ಒಂದು ಗೊಂದಲವನ್ನು ಇಲ್ಲೇ ದಾಖಲಿಸುತ್ತೇನೆ. ನಮ್ಮಲ್ಲಿ ‘ಹೈಸ್ಕೂಲು ಮುಗಿಸಿದೆ’ ಎಂದರೆ ಹತ್ತನೆಯ ತರಗತಿ ಮುಗಿಯಿತೆಂದು ಅರ್ಥ. ಅಮೆರಿಕದಲ್ಲಿ ಅದೇ ಮಾತಿಗೆ ಹನ್ನೆರಡನೆಯ ತರಗತಿ ಮುಗಿಯಿತೆಂದು ಅರ್ಥ. ವಿದೇಶಿ ಸಂಸ್ಥೆಯೊಂದರ ಅರ್ಜಿಯಲ್ಲಿ ಹೈಸ್ಕೂಲ್ ಪ್ರಮಾಣಪತ್ರ ಕೇಳಿದ್ದಾರೆಂದು ನನ್ನ ಭಾವಮೈದುನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕಳುಹಿಸಿ, ಅವರು ಅದನ್ನು ಹಿಂದಿರುಗಿಸಿ, ಕೊನೆಗೆ ದ್ವಿತೀಯ ಪಿಯುಸಿ ಅಂಕಪಟ್ಟಿ ಕಳುಹಿಸಬೇಕಾಯಿತು.

ಅಲ್ಲಿನ ಪದ್ಧತಿಯೂ ಬೇರೆ. ನಮ್ಮ ಮಂಡಳಿಯ ಪರೀಕ್ಷೆಯಂತೆ ಇಡೀ ದೇಶಕ್ಕೆ ಒಂದು ನಿಯಮವಿಲ್ಲ, ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಓದಿದ ಪ್ರತಿಯೊಂದು ವಿಷಯಕ್ಕೂ ಕ್ರೆಡಿಟ್ ಎಂದು ಲೆಕ್ಕವಿಡುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಅಂಥ 22 ಕ್ರೆಡಿಟ್‌ಗಳು ಬೇಕು. ಅಲ್ಲೂ ಕೇವಲ ಮೊತ್ತ ಸಾಲದು. ಗಣಿತಕ್ಕೆ ಇಷ್ಟು, ವಿಜ್ಞಾನಕ್ಕೆ ಇಷ್ಟು ಎಂದು ಒಳಪಾಲು ಇರುತ್ತದೆ. ಒಟ್ಟಿನಲ್ಲಿ ಒಂದು ವಿಷಯವನ್ನು ಮುಚ್ಚಿಟ್ಟು ಪಾಸಾಗುವ ದಾರಿ ಎಲ್ಲೂ ಇದ್ದಂತಿಲ್ಲ.

ಪ್ರಶ್ನೆ ಕೇಳಿದವರಿಂದ: ಸೋದರತ್ತೆ, ಸಕಲೇಶಪುರ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. 188 ಹಾಗೂ 206ರ ಲೆಕ್ಕವನ್ನು ಕಾಗದದ ಮೇಲೆ ಬರೆದು ಅಣ್ಣನಿಗೆ ತೋರಿಸಿದೆ. ಮೊದಲು ಒಪ್ಪಲಿಲ್ಲ, ನಂತರ ತಾನೇ ಎರಡು ಬಾರಿ ಕೂಡಿ ನೋಡಿ ಸುಮ್ಮನಾದ.

ಗಣಿತ ಶಿಕ್ಷಕಿಯವರು ವಿಶೇಷ ತರಗತಿಯ ಬಗ್ಗೆ ಹೇಳಿದ್ದೀರಿ. ಅದು ಸಂಜೆ ಐದೂವರೆಯವರೆಗೆ ನಡೆಯುತ್ತದೆ. ಶಾಲೆಯಿಂದ ತೋಟಕ್ಕೆ ಮೂರು ಕಿಲೋಮೀಟರ್ ನಡಿಗೆ, ಮತ್ತು ಈ ಭಾಗದಲ್ಲಿ ಆನೆಗಳು ಕತ್ತಲಾಗುವ ಮೊದಲೇ ರಸ್ತೆಗೆ ಇಳಿಯುತ್ತವೆ. ಆದ್ದರಿಂದಲೇ ಅವನು ಆ ತರಗತಿಗೆ ನಿಲ್ಲುತ್ತಿಲ್ಲವೆಂದು ಈಗ ತಿಳಿಯಿತು. ನಾವು ಸೋಮಾರಿತನವೆಂದು ಬೈಯುತ್ತಿದ್ದೆವು. ಇನ್ನೊಂದು ಸಂದೇಹ: ಅವನ ಆಧಾರ್ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇದೆ, ಶಾಲೆಯ ದಾಖಲೆಯಲ್ಲಿ ಎರಡಿವೆ. ಇದರಿಂದ ಮುಂದೆ ತೊಂದರೆಯಾಗುವುದೆ?

ಉತ್ತರ 5: ನಿವೃತ್ತ ಮುಖ್ಯಶಿಕ್ಷಕ, ಅರಸೀಕೆರೆ

ಹೆಸರಿನ ವಿಷಯವನ್ನು ಅಂಕಗಳಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮುದ್ರಣವಾಗುವ ಹೆಸರು, ತಂದೆತಾಯಿಯ ಹೆಸರು ಮತ್ತು ಜನ್ಮದಿನಾಂಕ ಇವೆಲ್ಲವೂ ಶಾಲೆಯ ದಾಖಲಾತಿ ವಹಿಯನ್ನು ಆಧರಿಸಿರುತ್ತವೆ. ಮುಂದೆ ಪಾಸ್‌ಪೋರ್ಟು, ಸರ್ಕಾರಿ ಕೆಲಸ ಎಲ್ಲಕ್ಕೂ ಜನ್ಮದಿನಾಂಕದ ದಾಖಲೆಯಾಗಿ ಕೇಳುವುದು ಈ ಅಂಕಪಟ್ಟಿಯನ್ನೇ. ನೋಂದಣಿಯ ಸಮಯದಲ್ಲಿ ವಿದ್ಯಾರ್ಥಿಗಳ ವಿವರದ ಪಟ್ಟಿ ಶಾಲೆಗೆ ಪರಿಶೀಲನೆಗೆ ಬರುತ್ತದೆ; ಅದರ ಒಂದೊಂದು ಅಕ್ಷರವನ್ನೂ ನೋಡಬೇಕು. ನನ್ನ ಮಗನ ಅಂಕಪಟ್ಟಿಯಲ್ಲೇ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿ ಮುದ್ರಣವಾಗಿತ್ತು. ಊರಿನ ಮಕ್ಕಳ ಪಟ್ಟಿಯನ್ನೆಲ್ಲ ತಿದ್ದಿದ ಮೇಷ್ಟ್ರಿಗೆ ತನ್ನ ಮನೆಯದು ಕಾಣಲಿಲ್ಲ, ಅದನ್ನು ಸರಿಪಡಿಸಲು ಬೆಂಗಳೂರಿಗೆ ಎರಡು ಬಾರಿ ಓಡಾಡಿದೆ. ಪ್ರವೇಶಪತ್ರ ಕೈಗೆ ಬಂದಾಗ ಇನ್ನೊಮ್ಮೆ ನೋಡಿ. ನಿಮ್ಮ ಪ್ರಕರಣದಲ್ಲಿ ಶಾಲೆಯ ದಾಖಲೆಯೇ ಸರಿಯಿದ್ದರೆ ಆಧಾರ್ ಅನ್ನು ಅದಕ್ಕೆ ಸರಿಯಾಗಿ ತಿದ್ದಿಸುವುದು ಸುಲಭ.

ಆನೆಯ ವಿಷಯ ಮುಖ್ಯಶಿಕ್ಷಕರಿಗೆ ಗೊತ್ತಿದೆಯೆ? ಅವರನ್ನು ಕೇಳಿ ನೋಡಿ; ಸಂಜೆಯ ತರಗತಿಯ ಬದಲು ಬೆಳಗ್ಗೆ ಒಂದು ಗಂಟೆ ಮುಂಚೆ ಬರುವ ಮಕ್ಕಳಿಗೆ ಪಾಠ ಮಾಡುವ ಏರ್ಪಾಡನ್ನು ನಾವು ಮಾಡುತ್ತಿದ್ದೆವು. ಪರೀಕ್ಷೆಯ ದಿನಗಳ ಪ್ರಯಾಣಕ್ಕೆ ಸಂಬಂಧಿಸಿದಂತೆ, ಇತ್ತೀಚಿನ ವರ್ಷಗಳಲ್ಲಿ ಪ್ರವೇಶಪತ್ರ ತೋರಿಸಿದ ಮಕ್ಕಳಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುತ್ತಿದ್ದಾರೆ. ಆದರೆ ಬಸ್ಸೇ ಬಾರದ ದಾರಿಯಲ್ಲಿ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಕೇಂದ್ರ ಯಾವ ಊರಿನಲ್ಲಿದೆ ಎಂಬುದನ್ನು ಮೊದಲೇ ತಿಳಿದು ವಾಹನದ ವ್ಯವಸ್ಥೆ ಮಾಡಿಕೊಳ್ಳಿ.

ಉತ್ತರ 6: ತೋಟದ ರೈಟರ್, ಬೇಲೂರು

ಈ ಚರ್ಚೆಯನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ನಮ್ಮ ತೋಟದಲ್ಲಿ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಕುಯ್ಲಿಗೆ ಇಳಿದ ಹುಡುಗಿಯೊಬ್ಬಳಿದ್ದಾಳೆ. ಅಂಥವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಮುಗಿಸುವ ದಾರಿಯಿದೆ. ಹದಿನಾಲ್ಕು ವರ್ಷ ತುಂಬಿರಬೇಕು, ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಪ್ರತಿ ವಿಷಯಕ್ಕೂ ಶೇ. 33 ಬೇಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಅವಕಾಶಗಳು ಸಿಗುತ್ತವೆ, ಎಲ್ಲ ವಿಷಯಗಳನ್ನೂ ಒಂದೇ ಬಾರಿ ಬರೆಯಬೇಕೆಂಬ ಕಟ್ಟುಪಾಡಿಲ್ಲ. ಕುಯ್ಲು ಮುಗಿದ ಮೇಲೆ ಎರಡು ವಿಷಯ, ಮುಂದಿನ ಸಲ ಇನ್ನೆರಡು ಎಂದು ಬರೆಯಬಹುದು. ಆದರೆ ಶಾಲೆಯಲ್ಲಿರುವ ಮಗುವನ್ನು ಬಿಡಿಸಿ ಇದಕ್ಕೆ ಹಾಕುವುದು ಸರಿಯಲ್ಲ. ದಿನವೂ ಕೇಳುವ ಮೇಷ್ಟ್ರು ಇಲ್ಲದೆ ಓದುವುದು ದೊಡ್ಡವರಿಗೂ ಕಷ್ಟ.

ಪ್ರಶ್ನೆ ಕೇಳಿದವರಿಂದ: ಸೋದರತ್ತೆ, ಸಕಲೇಶಪುರ

ಇಂದು ಶಾಲೆಗೆ ಹೋಗಿ ಬಂದೆ. ಹಾಜರಾತಿ ಶೇ. 81 ಇದೆ, ಆ ಚಿಂತೆ ಕಳೆಯಿತು. ಇನಿಷಿಯಲ್ ವಿಷಯದಲ್ಲಿ ಶಾಲೆಯ ದಾಖಲೆಯೇ ಸರಿಯಾಗಿದೆ, ಮುಂದಿನ ವಾರ ಆಧಾರ್ ತಿದ್ದಿಸಬೇಕು. ಆನೆಯ ಕಾರಣಕ್ಕೆ ಇನ್ನೂ ಏಳು ಮಕ್ಕಳು ಸಂಜೆ ನಿಲ್ಲುತ್ತಿಲ್ಲವೆಂಬುದು ಮುಖ್ಯಶಿಕ್ಷಕರಿಗೆ ನಾನು ಹೇಳಿದ ಮೇಲೆಯೇ ಲೆಕ್ಕಕ್ಕೆ ಬಂತು. ಸೋಮವಾರದಿಂದ ಬೆಳಗ್ಗೆ ಎಂಟೂವರೆಗೆ ಆ ಎಂಟು ಮಕ್ಕಳಿಗೆ ಗಣಿತ ಹೇಳಿಕೊಡಲು ಶಿಕ್ಷಕರು ಒಪ್ಪಿದ್ದಾರೆ. ಹುಡುಗ ನಿನ್ನೆ ರಾತ್ರಿ ಮೊದಲ ಗ್ರಾಫ್ ಎಳೆದು ತೋರಿಸಿದ. ಎರಡು ಗೆರೆಗಳೂ ಸೇರಬೇಕಾದ ಕಡೆ ಸೇರಿರಲಿಲ್ಲ, ಅಳತೆಪಟ್ಟಿಯ ಅಂಚು ಸವೆದಿತ್ತು. ಹೊಸದೊಂದು ಕೊಂಡುಕೊಟ್ಟು ಬಂದಿದ್ದೇನೆ.